ಸೈಲೆನ್ಸರ್ ಬಿಚ್ಚಿದ ಮೇಲೆ

ಸಿಲ್ವರ್ ಓಕಿನ ಹೊಟ್ಟು ಕಿವಿಯ ತನಕ ಮೆತ್ತಿಕೊಂಡೇ
ಗೋಣಿಕೊಪ್ಪದ ನನ್ನ ಶೆಡ್ಡಿಗೆ ಬಂದ ಬೊಳ್ಳ,
ಗರಗಸ ಬೆಂಚಿನ ಮೇಲಿಟ್ಟ:
"ಓಡ್ತದೆ. ಮರಕ್ಕೆ ಇಟ್ಟರೆ ಸೋಲ್ತದೆ."

ಇಪ್ಪತ್ತೆರಡು ವರ್ಷದ ಮಷೀನು. ಹಿಡಿಯ ರಬ್ಬರಿನಲ್ಲಿ
ಅವನ ಹೆಬ್ಬೆರಳಿನದೇ ಒಂದು ಗುಳಿ.

ಏರ್ ಫಿಲ್ಟರ್ ತೊಳೆದೆ. ಟ್ಯಾಂಕಿಗೆ ಕೊಕ್ಕೆತಂತಿ ಇಳಿಸಿ
ಪೆಟ್ರೋಲಿನ ಫಿಲ್ಟರ್ ಎಳೆದು ಹೊಸದು ಹಾಕಿದೆ.
ಹಗ್ಗ ಎಳೆದರೆ ಕಂಪ್ರೆಶನ್ ಇದೆ, ಕೈಗೆ ಎದುರು ನಿಲ್ಲುತ್ತದೆ.
ಕಾರ್ಬೊರೇಟರಿನ ಸ್ಕ್ರೂ ಕಾಲು ಸುತ್ತು ಬಿಟ್ಟೆ, ಮತ್ತೆ ಬಿಗಿದೆ.
ಅದೇ ಗೊಣಗು. ಪೂರ್ತಿ ಒತ್ತಿದರೂ ಏರದು.

ಒಳಗೆ ಹೋಗುವ ದಾರಿಯನ್ನೆಲ್ಲ ನೋಡಿಯಾಯಿತು;
ಹೊರಗೆ ಬರುವ ದಾರಿ ನೆನಪಾದದ್ದು
ಚಹಾ ಆರಿದ ಮೇಲೆ.

ಸೈಲೆನ್ಸರ್ ಬಿಚ್ಚಿದೆ. ಉಗುರಗಲದ ಜಾಲರಿ,
ಮಸಿ ಕಟ್ಟಿ ತಗಡಾಗಿದೆ. ಒಂದು ಕಣ್ಣೂ ತೆರೆದಿಲ್ಲ.
ಇಕ್ಕಳದಲ್ಲಿ ಹಿಡಿದು ಬೆಂಕಿಗೆ ಕೊಟ್ಟೆ:
ಕೆಂಪಾಯಿತು, ಬೂದಿ ಕಟ್ಟಿತು, ಊದಿದರೆ ಬೆಳಕು.
ಕಿಂಡಿಯಲ್ಲಿ ಪಿಸ್ಟನ್ ಕಂಡಿತು. ಗೀರಿಲ್ಲ, ಪುಣ್ಯ.

ಜೋಡಿಸಿ ಎಳೆದೆ. ಬೀದಿನಾಯಿ ಎದ್ದು ಓಡಿತು.
"ಹೇಗಿದೆ ಶಬ್ದ?" ಕೂಗಿದೆ.
ಅವನು ನನ್ನ ತುಟಿ ನೋಡಿದ.
"ಶಬ್ದ!" ಅಂದೆ, ಇನ್ನೂ ಜೋರಾಗಿ.
ಬೊಳ್ಳ ಗರಗಸ ಇಸಿದುಕೊಂಡ, ಕಣ್ಣು ಮುಚ್ಚಿ
ಹೆಬ್ಬೆರಳನ್ನು ಗುಳಿಯಲ್ಲಿ ಕೂರಿಸಿ ಒತ್ತಿದ.
"ಹ್ಞಾಂ," ಅಂದ, "ಮೊಣಕೈ ತನಕ ಬಂತು."