ಅವನ ಇನ್ನೂರ ನಲವತ್ತು ಮೈಲಿ

ಟೊರಾಂಟೊದಲ್ಲಿ ಹತ್ತಿದಾಗಿನಿಂದ ವಾಸಿಲ್ ಮಗುವಾಗಿದ್ದಾನೆ.
ಗಾಜಿನ ಚಾವಣಿಯ ಬೋಗಿಗೆ ಎಲ್ಲರಿಗಿಂತ ಮೊದಲು ಓಡಿ
ಮುಂದಿನ ಸೀಟು ಹಿಡಿದು, ನನ್ನದಕ್ಕೆ ಟೋಪಿ ಇಟ್ಟು ಕಾಯುತ್ತಾನೆ.
"ಸ್ಟೆಫಾ, ಅಲ್ನೋಡು ಕೆರೆ." ಕೆರೆ.
"ಅಲ್ನೋಡು ಇನ್ನೊಂದು."
ಒಂಟಾರಿಯೋದಲ್ಲಿ ಕೆರೆ ಬಿಟ್ಟರೆ ಬಂಡೆ, ಬಂಡೆ ಬಿಟ್ಟರೆ ಕೆರೆ;
ಅವನು ಒಂದನ್ನೂ ಬಿಟ್ಟುಕೊಡಲಿಲ್ಲ.

ಮೂವತ್ತನಾಲ್ಕು ವರ್ಷ ಗೋಧಿ ಗಾಡಿ ಓಡಿಸಿದವ.
ಇಡೀ ದೇಶ ಸುತ್ತಿರಬೇಕಲ್ಲ ಎನ್ನುತ್ತಾರೆ, ಊಟದ ಮೇಜಿನಲ್ಲಿ
ಎದುರು ಕೂತ ಹ್ಯಾಲಿಫ್ಯಾಕ್ಸಿನ ಅಕ್ಕತಂಗಿಯರು.
ಇಲ್ಲ. ಮೆಲ್ವಿಲ್‌ನಿಂದ ಬಿಗರ್, ಬಿಗರ್‌ನಿಂದ ಮೆಲ್ವಿಲ್,
ಇನ್ನೂರ ನಲವತ್ತು ಮೈಲಿ, ಗಾಣದೆತ್ತಿನ ಹಾಗೆ,
ದುಂಡಗಲ್ಲ, ಉದ್ದಕ್ಕೆ.
ಅಲ್ಲಿಂದಾಚೆ ಗೋಧಿ ಬೇರೆಯವರ ಕೈಗೆ.
ಸಮುದ್ರ ಅವನು ಕಂಡಿಲ್ಲ, ಅವನ ಗೋಧಿ ಕಂಡಿದೆ.

ಅಪರಾತ್ರಿ ಎರಡಕ್ಕೆ ಫೋನು ಬಡಿದುಕೊಳ್ಳುತ್ತಿತ್ತು.
ಸರಿ, ಸರಿ, ಎಂದು ಎರಡು ಸಲ ಹೇಳಿ
ದೀಪ ಹಾಕದೆ ಬೂಟು ತಡಕುತ್ತಿದ್ದ.
ನಾನು ಫ್ಲಾಸ್ಕಿಗೆ ಕಾಫಿ, ಬ್ರೆಡ್ಡಿಗೆ ಬೆಳ್ಳುಳ್ಳಿ ಸಾಸೇಜು.
ಮರಳಿ ಬಂದವನನ್ನು ಏನು ಕಂಡೆ ಎಂದರೆ, "ಹಿಮ."
ಬೇಸಿಗೆಯಾದರೆ, "ಏನಿಲ್ಲ."
ಇಷ್ಟರಲ್ಲೇ ಒಂದು ದೇಶ ಹೇಳಿ ಮುಗಿಸಿ
ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ.

ಈಗ ರಜೆ. ನಿಧಾನದ ರಜೆ.
ಎದುರಿನಿಂದ ಸರಕು ಗಾಡಿ ಬಂದರೆ ನಾವೇ ಪಕ್ಕದ ಹಳಿಗೆ ಸರಿದು
ಕೈಕಟ್ಟಿ ನಿಲ್ಲಬೇಕು; ದಾರಿ ಸರಕಿನವರದು.
ಅಕ್ಕತಂಗಿಯರು ಗೊಣಗಿದರು. ವಾಸಿಲ್‌ಗೆ ಹೆಮ್ಮೆ.
ಒಂದೊಂದೇ ಡಬ್ಬಿ ಎಣಿಸಿದ, ತುಟಿ ಅಲುಗಿಸುತ್ತ,
ನೂರ ಎಂಬತ್ತಾರು.
"ನಮ್ಮ ಕಾಲದ್ದು ಕಿರಿದು," ಎಂದ, ಒಲ್ಲದ ಮನಸ್ಸಿನಿಂದ.

ಮೆಲ್ವಿಲ್ ಬಂದಾಗ ರಾತ್ರಿ.
ಅವನ ಮಾತು ಅಲ್ಲಿಗೆ ನಿಂತಿತು,
ಯಾರೋ ಬ್ರೇಕು ಎಳೆದ ಹಾಗೆ.
ನೆತ್ತಿಯ ಮೇಲೆ ಗಾಜು, ಗಾಜಿನ ತುಂಬ ನಕ್ಷತ್ರ,
ಅವನು ಕತ್ತೆತ್ತಲಿಲ್ಲ.
ಕೈ ಮೊಣಕಾಲ ಮೇಲೆ, ಅಲ್ಲಿಲ್ಲದ ಹಿಡಿಕೆಯ ಮೇಲೆ.
ತಿರುವಿಗೆ ಮೊದಲೇ ಅವನ ಹೆಗಲು ತಿರುಗುತ್ತಿತ್ತು.
ರಸ್ತೆ ಹಳಿ ದಾಟುವಲ್ಲೆಲ್ಲ ಹೆಬ್ಬೆರಳು ಒತ್ತುತ್ತಿತ್ತು,
ಉದ್ದ, ಉದ್ದ, ಗಿಡ್ಡ, ಉದ್ದ,
ಅದೇ ಹೊತ್ತಿಗೆ ಮುಂದೆಲ್ಲೋ ಸೀಟಿ.

ಒಂದು ಕಡೆ ಒತ್ತಿದ ಹೆಬ್ಬೆರಳು ತೆಗೆಯಲಿಲ್ಲ.
ಸೀಟಿ ನಿಂತಿತು. ಅವನದು ನಿಲ್ಲಲಿಲ್ಲ.
ಮಣ್ಣು ರಸ್ತೆ, ಒಂದು ಕಂಬ, ಕಂಬಕ್ಕೆ ದೀಪವೂ ಇಲ್ಲ.
ಟೋಪಿ ತೆಗೆದ.
"ಇಲ್ಲೊಂದು ಪಿಕಪ್ಪು," ಎಂದ, ಎಷ್ಟೋ ಹೊತ್ತಿನ ಮೇಲೆ,
"ಹಿಂದೆ ಹುಲ್ಲಿನ ಹೊರೆ. ಹುಡುಗ ನನ್ನನ್ನು ನೋಡಿದ."

ಯಾವ ವರ್ಷ ಎಂದು ನಾನು ಕೇಳಲಿಲ್ಲ.
ಆ ಫೆಬ್ರವರಿ ನನಗೆ ಗೊತ್ತು.
ಮೂರು ದಿನ ಮಾಡಿದ ಬೀಟ್ರೂಟ್ ಸಾರು
ಮೂರು ದಿನವೂ ನಾಯಿಗೆ ಸುರಿದಿದ್ದೆ,
ಉಪ್ಪು ಹೆಚ್ಚಾಯಿತೇನೋ ಎಂದು ಅತ್ತಿದ್ದೆ.

ಬಿಗರ್ ದಾಟಿದ್ದೇ, ಪಾಳಿ ಮುಗಿದವನ ಹಾಗೆ
ಬೂಟಿನ ದಾರ ಸಡಿಲಿಸಿ ನಿದ್ದೆಹೋದ.

ಮರುದಿನ ಮಧ್ಯಾಹ್ನ ಬೆಟ್ಟಗಳು ಬಂದವು.
ಬೋಗಿಗೆ ಬೋಗಿಯೇ ಎದ್ದು ನಿಂತು ಕೂಗಿತು;
ಅಕ್ಕತಂಗಿಯರಲ್ಲಿ ದೊಡ್ಡಾಕೆ ಅತ್ತೇಬಿಟ್ಟಳು.
ಎಬ್ಬಿಸಿ, ಎಬ್ಬಿಸಿ ಅವರನ್ನ, ಎಂದರು ಎಲ್ಲರೂ.
ಬಾಯಿ ಅರೆತೆರೆದಿತ್ತು. ಟೋಪಿ ತೊಡೆಯ ಮೇಲೆ.
ಹೆಬ್ಬೆರಳು ಸುಮ್ಮನಿತ್ತು.
ಎಬ್ಬಿಸಲಿಲ್ಲ.

ಎದ್ದವನೇ ಕೇಳುತ್ತಾನೆ, ಏನು ಕಂಡೆ ಎಂದು.
"ಹಿಮ" ಎನ್ನಬೇಕು, ಸೇಡಿಗಾದರೂ.
ಹಾಗೆಂದುಕೊಂಡೇ ಒಂದೊಂದು ಶಿಖರವನ್ನೂ ನೋಡಿದೆ,
ತುಟಿ ಅಲುಗಿಸುತ್ತ, ಎಣಿಸುತ್ತ.
ಹದಿನೇಳನೆಯದಕ್ಕೆ ಮೋಡ ಅಡ್ಡ ಬಂತು.