ಎಡಗೆನ್ನೆ

ಬಣ್ಣಾರಿಯಿಂದ ದಿಂಬಕ್ಕೆ ಇಪ್ಪತ್ತೇಳು ತಿರುವು.
ಒಂಬತ್ತನೆಯದಕ್ಕೇ ಕೂತುಬುಡ್ತದೆ ಕನಾ, ಅಂದ ನಂಜಮಲ್ಲ.
ಹೂವೆಲ್ಲ ಇಳಿಸಿ ಬರೀ ಬುಟ್ಟಿ ಹೊತ್ಕಂಡು ಬಂದ್ರೂವೆ
ಎರಡನೇ ಗೇರಲ್ಲಿ ಏದುಸಿರು, ಹಿಂದೆ ಕರೀ ಹೊಗೆ.
ನೆನ್ನೆ ಒಂದು ಕಬ್ಬಿನ ಲಾರಿ ಹಾರ್ನ್ ಹೊಡೆದು
ನನ್ನೇ ದಾಟ್ಕಂಡು ಹೋಯ್ತು.
ಅದನ್ನು ಹೇಳುವಾಗ ಮಾತ್ರ ತಲೆ ತಗ್ಗಿಸಿದ.

ಸತ್ಯಮಂಗಲದ ದೊಡ್ಡ ಗ್ಯಾರೇಜಿನವರು ಬಾನೆಟ್ ಎತ್ತಿ
ಟರ್ಬೋ ಪೋಚ್ಚು ಅಂದರಂತೆ. ಮೂವತ್ತೆಂಟು ಸಾವಿರ.
ಲಕೋಟೆ ಒಳಜೇಬಲ್ಲೇ ಇತ್ತು.
ಅದಕ್ಕೆ ಯಾರ ಓಲೆ ಹೋಯಿತು ಅಂತ ನಾನು ಕೇಳಲಿಲ್ಲ.

ತಾಳವಾಡಿ ಪೇಟೆಯ ಕೊನೆಗೆ ನನ್ನ ಶೆಡ್ಡು.
ಬೋರ್ಡಿನಲ್ಲಿ ಮೇಲೆ ತಮಿಳು, ಕೆಳಗೆ ಕನ್ನಡ,
ಎರಡರಲ್ಲೂ ನನ್ನ ಹೆಸರು ತಪ್ಪು.
ಇಪ್ಪತ್ತಾರು ವರ್ಷ ಲಾರಿಗಳ ಹೊಟ್ಟೆಯಡಿ ಮಲಗಿ
ಬಲಗಿವಿ ಪೂರ್ತಿ ಹೋಗಿದೆ, ಎಡದ್ದು ಹೋಗುವ ದಾರಿಯಲ್ಲಿದೆ.
ಗಿರಾಕಿಗಳಿಗೆ ಹೇಳಿಲ್ಲ.
ಕಿವುಡ ಮೆಕ್ಯಾನಿಕ್ಕಿನ ಕೈಗೆ ಎಂಜಿನ್ ಯಾರು ಕೊಡುತ್ತಾರೆ?

ಟರ್ಬೋದ ಚಕ್ರಕ್ಕೆ ಬೆರಳು ಇಟ್ಟು ನೋಡಿದೆ.
ಗಿರ್ರನೆ ತಿರುಗಿತು. ಅಲುಗಾಟವಿಲ್ಲ, ಎಣ್ಣೆಯ ಜಿನುಗಿಲ್ಲ.
ಗಾಳಿ ಎಳೆಯುವವನು ಗಟ್ಟಿಮುಟ್ಟಾಗೇ ಇದ್ದಾನೆ ಕನಪ್ಪ,
ಎಳೆದದ್ದು ಎಂಜಿನ್ನಿಗೆ ಮುಟ್ಟುತ್ತಿಲ್ಲ,
ನಡುವೆ ಯಾವನೋ ಕಮಿಷನ್ ಹೊಡೀತಾವ್ನೆ.

ನಂಜಮಲ್ಲ ನಗಲಿಲ್ಲ.

ಪಿವಿಸಿ ಪೈಪಿನ ಮುಚ್ಚಳಕ್ಕೆ ತೂತು ಕೊರೆದು
ಹಳೇ ಟ್ಯೂಬಿನ ವಾಲ್ವು ಕೂರಿಸಿಟ್ಟಿದ್ದೇನೆ, ಯಾವ ಕಾಲದ್ದೋ.
ಟರ್ಬೋದ ಬಾಯಿಗೆ ಅದನ್ನೇ ಬಿಗಿದು ಗಾಳಿ ತುಂಬಿದೆ,
ಹದಿನೈದು ಪೌಂಡು, ಹೆಚ್ಚಲ್ಲ.
ಕಂಪ್ರೆಸರ್ ಆರಿಸಿದೆ.
ಮುಳ್ಳು ನೋಡನೋಡುತ್ತ ಇಳಿಯತೊಡಗಿತು.

ಅಣ್ಣೇ, ಕೇಳ್ತಾ ಇದೆ, ಅಂದ ಪೂವರಸು,
ಎಲ್ಲಿಂದ ಅಂದರೆ ಎಲ್ಲಾ ಕಡೆಗೂ ಕೈ ತೋರಿಸಿದ.
ಹುಡುಗನ ಕಿವಿ ಹೊಸದು, ಎಲ್ಲವನ್ನೂ ನಂಬುತ್ತದೆ.
ಬಟ್ಟೆಸೋಪಿನ ನೊರೆ ಬಳಿದ, ಜೋಡಣೆಗಳಿಗೆ, ಕ್ಲಾಂಪುಗಳಿಗೆ.
ಒಂದು ಗುಳ್ಳೆಯೂ ಏಳಲಿಲ್ಲ.

ಆಗ ನಾನು ಅದೇ ನೊರೆ ಕೆನ್ನೆಗೆ ಬಳಿದುಕೊಂಡೆ,
ಕ್ಷೌರಕ್ಕೆ ಕೂತವನ ಹಾಗೆ,
ಗಾಡಿಯಡಿಗೆ ಜಾರಿ ಪೈಪುಗಳ ಪಕ್ಕ ಮುಖ ಇಟ್ಟೆ,
ಇಂಚಿಂಚು ಸರಿದೆ.
ಇಂಟರ್‌ಕೂಲರಿಗೆ ಹೋಗುವ ಹೋಸು ಬಗ್ಗುವ ಕಡೆ,
ಕಣ್ಣಿಗೂ ಕನ್ನಡಿಗೂ ಸಿಗದ ಹೊಟ್ಟೆಭಾಗದಲ್ಲಿ,
ತಣ್ಣಗೆ,
ತೊಟ್ಟಿಲ ಕೂಸು ಊದಿದಷ್ಟೇ ತಣ್ಣಗೆ ತಾಗಿತು.

ಬಿಚ್ಚಿ ತಂದು ಬೆಳಕಿಗೆ ಹಿಡಿದರೆ ಏನೂ ಇಲ್ಲ.
ಎರಡೂ ಹೆಬ್ಬೆರಳಲ್ಲಿ ಹಿಗ್ಗಿಸಿದೆ,
ತುಟಿಯ ಹಾಗೆ ತೆರೆಯಿತು ಸೀಳು.
ಬ್ರಾಕೆಟ್ಟಿಗೆ ಉಜ್ಜಿ ಉಜ್ಜಿ ಆದದ್ದು.
ಗಾಡಿ ನಿಂತಾಗ ಬಾಯಿ ಮುಚ್ಚಿಕೊಂಡಿರುತ್ತದೆ,
ಏರಿನಲ್ಲಿ, ಒತ್ತಡ ಬಿದ್ದಾಗ ಮಾತ್ರ ಬಿಡುತ್ತದೆ.
ನಿಲ್ಲಿಸಿಕೊಂಡು ನೋಡಿದವರಿಗೆ ಹೇಗೆ ಕಂಡೀತು?

ಲಾರಿಯ ನೀಲಿ ಹೋಸಿನಲ್ಲಿ ಒಂದು ಗೇಣು ಕತ್ತರಿಸಿದೆ,
ಎರಡು ಹೊಸ ಕ್ಲಾಂಪು. ಬ್ರಾಕೆಟ್ಟಿನ ಅಂಚು ಅರದಿಂದ ತಿಕ್ಕಿ
ಸೈಕಲ್ ಟ್ಯೂಬು ಸುತ್ತಿದೆ.
ಮತ್ತೆ ಹದಿನೈದು ಪೌಂಡು.
ಪೂವರಸು ಬೀಡಿ ಸೇದದ ವಯಸ್ಸಿನವನು, ನಾನು ಸೇದಿ ಮುಗಿಸಿದೆ.
ಮುಳ್ಳು ಅಲ್ಲೇ ನಿಂತಿತ್ತು.

ಎಲ್ಲಾ ಸೇರಿ ಆರುನೂರೈವತ್ತು ಅಂದೆ.
ನಂಜಮಲ್ಲನ ಮುಖ ಬಾಡಿತು.
ಇಷ್ಟೇಯಾ?
ಎರಡು ತಿಂಗಳು ನಿದ್ದೆಗೆಟ್ಟವನಿಗೆ, ಮನೆಯಲ್ಲಿ ಬೈಸಿಕೊಂಡವನಿಗೆ,
ಇಷ್ಟುದ್ದ ರಬ್ಬರು ಸಾಲದು,
ದೊಡ್ಡ ಕಾಯಿಲೆಯೇ ಬೇಕಿತ್ತು.
ಲಕೋಟೆ ಮುಟ್ಟಿ ನೋಡಿಕೊಂಡ, ಯಾರೋ ಮೋಸ ಮಾಡಿದ ಹಾಗೆ.
ನೀನೂ ಬಾ, ಅಂದ. ಘಾಟಿ ಹತ್ತಿಸಿ ತೋರಿಸು.

ಬಣ್ಣಾರಿಗೆ ಇಳಿದು ಗಾಡಿ ತಿರುಗಿಸಿದೆವು.
ಎಡಸೀಟಿನಲ್ಲಿ ನಾನು, ಕಿಟಕಿಗೆ ಎಡಗಿವಿ,
ಸತ್ತ ಕಿವಿ ಅವನ ಕಡೆಗೆ.
ಟರ್ಬೋ ಹಾಡಿತೋ ಇಲ್ಲವೋ ನನಗೆ ಗೊತ್ತಿಲ್ಲ.
ರಸ್ತೆ ಬಿಟ್ಟು ಅವನ ಕೈಯನ್ನೇ ನೋಡುತ್ತಿದ್ದೆ.
ಏಳು, ಎಂಟು, ಗೇರಿನ ಮೇಲೆ ಗೆಣ್ಣು ಬೆಳ್ಳಗಾಗಿತ್ತು.
ಒಂಬತ್ತು.
ಮುಂದೆ ಕಬ್ಬಿನ ಲಾರಿ.
ಹಾರ್ನ್ ಹೊಡೆಯಲಿಲ್ಲ ಅವನು. ಸುಮ್ಮನೆ ದಾಟಿದ.

ಹದಿಮೂರರ ಹತ್ತಿರ ಕೈ ಸಡಿಲಾಯಿತು,
ನನ್ನ ಕಡೆ ತಿರುಗಿ ಏನೋ ಹೇಳಿದ, ತುಂಬಾ ಹೊತ್ತು ಹೇಳಿದ.
ಹೂಂ ಅಂದೆ.
ಬೆಟ್ಟದ ಗಾಳಿಗೆ ಎಡಗೆನ್ನೆಯ ಸೋಪು ಒಣಗಿ
ಚರ್ಮ ಬಿಗಿಯುತ್ತಿತ್ತು.