ಮೊದಲನೆಯದು ಲೆಕ್ಕಕ್ಕಿಲ್ಲ

ತಿಲಾ ನದಿಯಿಂದ ಎರಡು ತಾಸಿನ ಏರು.
ಬೆನ್ನ ಮೇಲೆ ಉಸಿರಳೆಯುವ ಯಂತ್ರ,
ಚೀಲದಲ್ಲಿ ನಲವತ್ತು ಕಾಗದದ ಕೊಳವೆ,
ತಲೆಗೊಂದು.
ಜುಮ್ಲಾದ ಮನೆಗಳು ಒಂದರ ಹೆಗಲೇರಿ ಒಂದು;
ಒಬ್ಬರ ಮಾಳಿಗೆಯೇ ಇನ್ನೊಬ್ಬರ ಅಂಗಳ.
ಕೆಳಮನೆಯ ಹೊಗೆ ಮೇಲ್ಮನೆಗೆ
ಅಪ್ಪಣೆ ಕೇಳದೆ ಬಂದು ಕೂರುತ್ತದೆ,
ಸಾಲ ಕೊಟ್ಟ ನೆಂಟನಂತೆ.

ಮೊದಲು ಬಂದವಳು ಜೌಕಲಾ ರೊಕಾಯ.
ವಯಸ್ಸು? ದೊಡ್ಡ ಹಿಮ ಬಿದ್ದ ವರ್ಷ
ಮೊದಲ ಹಲ್ಲು ಬಿದ್ದಿತ್ತಂತೆ.
ಐವತ್ತೆರಡು ಎಂದು ಬರೆದುಕೊಂಡೆ.
ಬೀಡಿ, ಸಿಗರೇಟು, ಚಿಲುಮೆ?
ಅದು ಏಳನೇ ಪ್ರಶ್ನೆ.
"ಸೇದುವುದು ಒಲೆ, ತಂಗೀ. ನಾನು ಅದರ ಮೂಗು."
ನಕ್ಕಳು. ನಗು ಕೆಮ್ಮಾಯಿತು.
ಕೆಮ್ಮು ಮುಗಿಯುವ ತನಕ ನಾನು
ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ತೆಗೆದೆ.
'ಇಲ್ಲ' ಎಂಬ ಚೌಕಕ್ಕೆ ಗುರುತು ಹಾಕಿದೆ.
ಬೇರೆ ಚೌಕ ಇರಲಿಲ್ಲ.

ಎದೆ ತುಂಬ ಎಳೆದುಕೋ,
ತುಟಿ ಬಿಗಿಹಿಡಿ, ಒಮ್ಮೆಗೇ ಊದು,
ದೀಪ ಆರಿಸುವ ಹಾಗೆ, ಎಂದೆ.
"ದೀಪವನ್ನು ಬಾಯಿಂದ ಊದಿ ಆರಿಸುತ್ತಾರೆಯೇ?
ನಿಮ್ಮ ಬಯಲುಸೀಮೆಯಲ್ಲಿ ಆರಿಸುತ್ತಾರೇನೋ."
ಮೂರು ಸಲ ಊದಬೇಕು.
ಮೊದಲನೆಯದು ಲೆಕ್ಕಕ್ಕಿಲ್ಲ, ರೂಢಿಗಷ್ಟೇ.

ಊದಿದಳು.
ಕಣ್ಣು ಕಿರಿದಾಗಿಸಿ, ಕತ್ತು ಓರೆಮಾಡಿ,
ಬೂದಿ ಹಾರದಷ್ಟು, ಕೆಂಡ ಕೆರಳುವಷ್ಟು,
ತುಸುತುಸುವೇ, ಕೂಸಿನ ಗಂಜಿ ಆರಿಸಿದಂತೆ.
ಹಾಲುಹಲ್ಲಿನ ಪ್ರಾಯದಿಂದ ಕಲಿತ ಕಸುಬು.
ಯಂತ್ರಕ್ಕೆ ಆ ಕುಸುರಿ ತಿಳಿಯದು,
ಅದು ಕೇಳುವುದು ಬಿರುಗಾಳಿಯನ್ನೇ.
ಪರದೆಯ ಮೇಲಿನ ಗೆರೆ
ಎದ್ದು ನಿಲ್ಲಲು ನೋಡಿತು,
ಮೊಣಕಾಲು ಹಿಡಿದು ಕೂತುಬಿಟ್ಟಿತು.
ಎರಡನೆಯದೂ ಕೂತಿತು.
ಮೂರನೆಯದಕ್ಕೆ ಅವಳ ಕೈ ಗೋಡೆ ಹುಡುಕಿತು.

"ಏನನ್ನುತ್ತದೆ ನಿನ್ನ ಪೆಟ್ಟಿಗೆ?"
ಸೊಸೆ ಬತುಲಿ. ಬೆನ್ನ ಬುಟ್ಟಿಯಲ್ಲಿ ಕೂಸು.
ಇರಬೇಕಾದ್ದರಲ್ಲಿ ಅರ್ಧ, ಎಂದೆ.
ಅರ್ಧಕ್ಕೂ ಕಡಿಮೆ ಎನ್ನಲಿಲ್ಲ.
"ಉಳಿದರ್ಧ ಎಲ್ಲಿ ಹೋಯಿತು?"
ಜೌಕಲಾ ಮೇಲೆ ನೋಡಿದಳು.
ತೊಲೆಗಳು ಎಣ್ಣೆ ಹಚ್ಚಿದಂತೆ ಕರ್ರಗೆ ಮಿರುಗುತ್ತಿದ್ದವು,
ಮಸಿಯ ಎಳೆಗಳು ಗಾಳಿಯಿಲ್ಲದೆಯೂ ತೂಗುತ್ತಿದ್ದವು.
"ಅಲ್ಲಿದೆ."

ಹಿಂದಿನ ಚಳಿಗಾಲ ಯಾವುದೋ ಸಂಸ್ಥೆ ಕೊಟ್ಟ
ಕಬ್ಬಿಣದ ಒಲೆ, ಹೊಗೆಕೊಳವೆ ಸಮೇತ, ಮೂಲೆಯಲ್ಲಿತ್ತು.
ಅದರೊಳಗೆ ಹೇಂಟೆ ಕಾವು ಕೂತಿತ್ತು.
ಬೈಯಲೆಂದು ಬಾಯಿ ತೆರೆದೆ.
ಬತುಲಿ ಮುಂಚೆಯೇ ಶುರುಮಾಡಿದಳು:
ಹೊಗೆ ನಿಂತರೆ ತೊಲೆಗೆ ಹುಳು ಬೀಳುತ್ತದೆ,
ಅಟ್ಟದ ಬೀಜದ ಜೋಳ ಒಣಗುವುದಿಲ್ಲ;
ಅದರ ಬಾಯಿ ಚಿಕ್ಕದು, ಸೌದೆ ಬೆರಳಗಲ ಸೀಳಬೇಕು,
ಸೀಳುವವನು ಗಡಿಯಾಚೆ ಕೂಲಿಗೆ ಹೋಗಿದ್ದಾನೆ;
ಮತ್ತೆ ಪುಷ್ಯದ ರಾತ್ರಿ, ನೀರೂ ಕಲ್ಲಾಗುವಾಗ,
ಏಳು ಜನ ಬೆನ್ನು ಕಾಯಿಸುವುದು ಯಾವುದಕ್ಕೆ,
ಆ ಡಬ್ಬಿಗೋ?
ನನ್ನ ಕೈಪಿಡಿಯಲ್ಲಿ ಇದಕ್ಕೆ ಪುಟವಿರಲಿಲ್ಲ.

ಕತ್ತಲಾಯಿತು. ಅಲ್ಲೇ ಉಳಿದೆ.
ಪೈನ್ ಮರದ ಅಂಟುಚಕ್ಕೆ ಗೂಡಿನಲ್ಲಿ
ದೀಪದ ಬದಲು ಉರಿಯುತ್ತಿತ್ತು, ಕರಿಯ ಜಡೆ ಬಿಚ್ಚಿ.
ಜೌಕಲಾಳ ಎರಡೂ ಕೈ ಹಿಟ್ಟಿನಲ್ಲಿ.
ಒಲೆ ಮಂಕಾಯಿತು.
"ನೀನೇ ಊದು" ಎಂದು
ಊದುಗೊಳವೆಯನ್ನು ಕಾಲಿನಿಂದ ಇತ್ತ ಉರುಳಿಸಿದಳು.

ಬಾಯಿಡುವಲ್ಲಿ ಕಬ್ಬಿಣ ಸವೆದು ನುಣ್ಣಗಾಗಿತ್ತು,
ಒಂದು ತುಟಿಯ ಅಳತೆಗೆ. ನನ್ನದಲ್ಲ.
ಎದೆ ತುಂಬ ಎಳೆದುಕೊಂಡೆ,
ತುಟಿ ಬಿಗಿಹಿಡಿದೆ, ಒಮ್ಮೆಗೇ ಊದಿದೆ.
ಇದ್ದ ಬೂದಿಯೆಲ್ಲ ಎದ್ದು
ಮೂಗಿಗೆ, ಕಣ್ಣಿಗೆ, ರೊಟ್ಟಿಯ ಹಿಟ್ಟಿಗೆ.
ಕೆಮ್ಮಿದೆ. ನೆಲ ಹಿಡಿದು ಕೆಮ್ಮಿದೆ.
ಬುಟ್ಟಿಯೊಳಗಿಂದ ಕೂಸೂ ಕೆಮ್ಮಿತು, ಒಂದೇ ಸಲ,
ಚಿಕ್ಕದಾಗಿ, ರೂಢಿಯಾದವರಂತೆ.

ಬತುಲಿ ನಕ್ಕಳು. ಜೌಕಲಾ ನಗಲಿಲ್ಲ.
ಹಿಟ್ಟಿನ ಕೈಯಲ್ಲೇ ನನ್ನ ಬೆನ್ನು ಸವರಿ,
"ಇರಲಿ ತಂಗೀ, ಮತ್ತೆ ಊದು.
ಮೊದಲನೆಯದು ಲೆಕ್ಕಕ್ಕಿಲ್ಲ."